ತಲೆಕೆಳಗಾಗಿದ್ದಾಗ ಮಾಸ್ಕಿನ ನೀರು ತೆಗೆಯುವುದು: ನನ್ನ ಅನುಭವ

ಸ್ಕೂಬಾ, ಅಂದರೆ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿನಡಿ ಈಜುವುದನ್ನು ಕಲಿಯಲು ಹೋದವರಿಗೆಲ್ಲ ಶುರುವಿನಲ್ಲೇ ಸಿಗುವ ಪಾಠ ಮಾಸ್ಕ್ ಕ್ಲಿಯರ್ ಮಾಡುವುದು, ಅಂದರೆ ಕಣ್ಣು, ಮೂಗು ಮುಚ್ಚುವ ಮಾಸ್ಕಿನೊಳಗೆ ಬಂದ ನೀರನ್ನು ಹೊರಹಾಕುವುದು. ಸಾಮಾನ್ಯವಾಗಿ ಕೊಳದ ತಳದಲ್ಲಿ ಮಂಡಿಯೂರಿಸಿ ಕೂರಿಸುತ್ತಾರೆ. ಮಾಸ್ಕಿನೊಳಗೆ ನೀರು ಬಿಟ್ಟುಕೊಳ್ಳಬೇಕು. ಹಣೆಯ ಹತ್ತಿರ ಮೇಲಂಚನ್ನು ಒತ್ತಿ, ಮುಖ ಸ್ವಲ್ಪ ಎತ್ತಿ, ಮೂಗಿನಿಂದ ಉಸಿರು ಬಿಡಬೇಕು. ನೀರು ಕೆಳಗಿನಿಂದ ಹೊರಗೆ ಹೋಗುತ್ತದೆ. ಇಷ್ಟು ಬಂದರೆ ಆ ಪಾಠ ಮುಗಿಯಿತು.

ಆದರೆ ಸಮುದ್ರದಲ್ಲಿ ಯಾರೂ ಮಂಡಿಯೂರಿ ಕೂತಿರುವುದಿಲ್ಲ, ಅಲ್ವಾ? ನಾವು ಮೈಸೂರು, ಮಂಡ್ಯ ಕಡೆಯವರು ಡೈವಿಂಗ್ ಅಂತ ಹೊರಟರೆ ಹೆಚ್ಚಾಗಿ ಹೋಗುವುದು ನೇತ್ರಾಣಿಗೆ. ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ದೂರದ ದ್ವೀಪ ಅದು. ಅಲ್ಲಿ ಬಂಡೆಯ ಕೆಳಗೆ ಏನೋ ಕಂಡಿತು ಅಂತ ತಲೆ ಬಗ್ಗಿಸಿ ನೋಡುತ್ತೀರಿ. ಮೇಲೆ ಹೋಗುವ ಮೀನಿನ ಗುಂಪು ನೋಡಲು ಅಂಗಾತ ತಿರುಗುತ್ತೀರಿ. ಮುಂದೆ ಹೋಗುವವರ ಕಾಲಿನ ಫಿನ್ (ಈಜುರೆಕ್ಕೆ) ಬಡಿದು ಮಾಸ್ಕ್ ಸರಿಯುವುದಂತೂ ತೀರಾ ಮಾಮೂಲು. ಆಗ ದೇಹ ಯಾವ ಭಂಗಿಯಲ್ಲಿರುತ್ತದೋ ಅದೇ ಭಂಗಿಯಲ್ಲಿ ನೀರು ತೆಗೆಯಲು ಬರಬೇಕು. ಅದಕ್ಕೇ ನಾನು ಮೈಸೂರಿನ ಕೊಳದಲ್ಲಿ ಇದನ್ನೇ ಹಿಡಿದು ಅಭ್ಯಾಸ ಮಾಡಿದೆ.

ಹಿಂದಿರುವ ಲೆಕ್ಕ ಒಂದೇ. ಚೊಂಬನ್ನು ಬೋರಲು ಮಾಡಿ ನೀರಿಗೆ ಒತ್ತಿದರೆ ಒಳಗಿನ ಗಾಳಿ ಮೇಲೆಯೇ ನಿಲ್ಲುತ್ತದೆ. ಮಾಸ್ಕಿನಲ್ಲೂ ಹಾಗೇ. ಮೂಗಿನಿಂದ ಬಿಟ್ಟ ಗಾಳಿ ಅತಿ ಎತ್ತರದ ಜಾಗಕ್ಕೆ ಏರುತ್ತದೆ, ನೀರು ಅತಿ ತಗ್ಗಿನ ಅಂಚಿನಿಂದ ಹೊರಗೆ ಹೋಗುತ್ತದೆ. ಹಾಗಾಗಿ ಎತ್ತರದಲ್ಲಿರುವ ಅಂಚನ್ನು ಮುಖಕ್ಕೆ ಒತ್ತಿ ಹಿಡಿಯಬೇಕು. ಗಾಜು ಸ್ವಲ್ಪ ಮೇಲ್ಮುಖವಾಗಿರಬೇಕು. ಈ ಎರಡು ಮಾತು ಯಾವ ಭಂಗಿಗೂ ಸರಿ. ‘ಹಣೆ ಒತ್ತು’ ಅಂತ ಬಾಯಿಪಾಠ ಮಾಡಿದವರಿಗೆ ಭಂಗಿ ಬದಲಾದ ಕೂಡಲೇ ಕೈ ಎಲ್ಲಿಡಬೇಕು ಅಂತ ತೋಚುವುದಿಲ್ಲ.

ಅಭ್ಯಾಸವನ್ನು ನಾನು ಸಿಲಿಂಡರ್ ಇಲ್ಲದೆ ಶುರು ಮಾಡಿದೆ. ಸೊಂಟದ ಮಟ್ಟದ ನೀರು, ಮಾಸ್ಕ್, ಸ್ನಾರ್ಕೆಲ್ (ಬಾಯಿಂದ ಉಸಿರಾಡುವ ಕೊಳವೆ), ಪಕ್ಕದಲ್ಲಿ ನನ್ನ ತಮ್ಮ. ಮೊದಲು ಮಾಸ್ಕೇ ಇಲ್ಲದೆ ಮುಖ ನೀರಿನಲ್ಲಿಟ್ಟು ಸ್ನಾರ್ಕೆಲ್‌ನಿಂದ ಉಸಿರಾಡಿದೆ. ಮೂಗು ನೀರಿನಲ್ಲಿದ್ದರೂ ಬಾಯಿಂದ ನಿಧಾನಕ್ಕೆ ಉಸಿರಾಡಲು ಬಂದರೆ ಅರ್ಧ ಹೆದರಿಕೆ ಅಲ್ಲೇ ಮುಗಿಯುತ್ತದೆ. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಮುಖ್ಯವಾದ ಅಭ್ಯಾಸ. ಉಳಿದದ್ದೆಲ್ಲ ಇದರ ಮೇಲೆ ನಿಂತಿದೆ.

ಬಾಯಲ್ಲಿ ರೆಗ್ಯುಲೇಟರ್ (ಸಿಲಿಂಡರಿನ ಗಾಳಿಯನ್ನು ಬಾಯಿಗೆ ಕೊಡುವ ಸಾಧನ) ಇದ್ದಾಗ ಮೂಗಿನಿಂದ ಮಾತ್ರ ಗಾಳಿ ಬಿಡುವುದು ಹೇಗೆ ಅಂತ ತುಂಬಾ ಜನ ಒದ್ದಾಡುತ್ತಾರೆ. ‘ಅಂಗಡಿ’ ಅಂತ ಹೇಳಲು ಹೊರಟು ‘ಅಂ’ದಲ್ಲೇ ನಿಲ್ಲಿಸಿ ನೋಡಿ. ನಾಲಿಗೆಯ ಹಿಂಭಾಗ ಮೇಲೆದ್ದು ಬಾಯಿಯ ದಾರಿ ಮುಚ್ಚುತ್ತದೆ, ಗಾಳಿ ಮೂಗಿನಿಂದ ಮಾತ್ರ ಬರುತ್ತದೆ. ಮನೆಯಲ್ಲಿ ಕೂತೇ ಕಲಿಯಬಹುದು. ತಮ್ಮನಿಗೆ ಹೀಗೆ ಹೇಳಿದ ಮೇಲೆ ಬೇಗ ಬಂತು.

ಇನ್ನೊಂದು ವಿಷಯ, ಜೋರಾಗಿ ಊದಬಾರದು. ಜೋರಾಗಿ ಊದಿದರೆ ಅಂಚು ಎಲ್ಲ ಕಡೆ ಎದ್ದು ಗಾಳಿ ಪಕ್ಕದಿಂದ ಸೋರಿಹೋಗುತ್ತದೆ, ನೀರು ಮತ್ತೆ ಒಳಗೆ ಬರುತ್ತದೆ. ಮಾಸ್ಕಿನೊಳಗಿನ ಜಾಗ ತೀರಾ ಚಿಕ್ಕದು. ಒಂದು ಉದ್ದನೆಯ, ಮೆತ್ತನೆಯ ಉಸಿರು ಸಾಕು. ಸಾಲದಿದ್ದರೆ ಬಾಯಿಂದ ಉಸಿರು ತೆಗೆದುಕೊಂಡು ಮತ್ತೊಮ್ಮೆ.

ಆಮೇಲೆ ಸಿಲಿಂಡರ್ ಹಾಕಿಕೊಂಡು, ಬೋಧಕರನ್ನು ಪಕ್ಕದಲ್ಲಿಟ್ಟುಕೊಂಡು, ಒಂದೊಂದೇ ಭಂಗಿ.

ಮಗ್ಗುಲಾಗಿ ಮಲಗಿ ಮಾಡುವುದು ಎಲ್ಲಕ್ಕಿಂತ ಸುಲಭ. ಬಲ ಮಗ್ಗುಲಲ್ಲಿದ್ದರೆ ಎಡ ಕಪಾಳದ ಕಡೆಯ ಅಂಚು ಎತ್ತರದಲ್ಲಿರುತ್ತದೆ. ಅದನ್ನು ಒತ್ತಿ ಮುಖವನ್ನು ಸ್ವಲ್ಪ ಮೇಲಕ್ಕೆ ಹೊರಳಿಸಿ ಉಸಿರು ಬಿಟ್ಟರೆ ನೀರು ಬಲ ಕಪಾಳದ ಕಡೆಯಿಂದ ಹೋಗುತ್ತದೆ.

ಕವುಚಿ ಈಜುತ್ತಿರುವಾಗ ಕಷ್ಟ ಬೇರೆ. ಗಾಜೇ ಅತಿ ತಗ್ಗಿನಲ್ಲಿರುತ್ತದೆ, ನೀರು ಅದರ ಮೇಲೆ ನಿಲ್ಲುತ್ತದೆ. ಎಷ್ಟು ಊದಿದರೂ ಪೂರ್ತಿ ಹೋಗುವುದಿಲ್ಲ. ತಲೆ ಹಿಂದಕ್ಕೆ ಎತ್ತೋಣ ಅಂದರೆ ಸಿಲಿಂಡರಿನ ವಾಲ್ವ್ ತಲೆಗೆ ತಾಗುತ್ತದೆ. ನಾನು ಕಂಡುಕೊಂಡದ್ದು ಇಷ್ಟು: ಒಂದು ಭುಜದ ಕಡೆಗೆ ಹೊರಳಿ ಮಗ್ಗುಲಾಗುವುದು, ನೀರು ಬಿಟ್ಟು ವಾಪಸ್ ಬರುವುದು. ಈಜು ನಿಲ್ಲಿಸಬೇಕಾಗಿಯೂ ಇಲ್ಲ.

ಅಂಗಾತ ಇರುವಾಗ ಗಾಜು ಮೇಲಿರುತ್ತದೆ, ಗಾಳಿ ಅಲ್ಲಿಗೇ ಏರುತ್ತದೆ. ಮಾಸ್ಕನ್ನು ಮುಖಕ್ಕೆ ಅದುಮಿ ಹಿಡಿದರೆ ನೀರಿಗೆ ಹೊರಗೆ ಹೋಗಲು ದಾರಿಯೇ ಇರುವುದಿಲ್ಲ. ಗಲ್ಲವನ್ನು ಎದೆಯ ಕಡೆ ತಂದರೆ ತಲೆ ನಿಂತ ಹಾಗಾಗುತ್ತದೆ, ಆಗ ಹಣೆ ಒತ್ತುವ ಹಳೇ ಪಾಠವೇ ಸಾಕು. ಇಲ್ಲಿ ನೀರು ಮೂಗಿಗೆ ಇಳಿಯುವ ಕಾಟ ಜಾಸ್ತಿ. ಅದಕ್ಕೆ ಗಾಳಿಯನ್ನು ಸಣ್ಣಗೆ ಬಿಡುತ್ತಲೇ ಇರಬೇಕು. ರೆಗ್ಯುಲೇಟರಿನಲ್ಲೂ ನಾಲ್ಕು ಹನಿ ನೀರು ಉಳಿದು ಬಾಯಿಗೆ ಬರಬಹುದು. ನಾಲಿಗೆಯ ತುದಿಯನ್ನು ಅಂಗುಳಕ್ಕೆ ತಾಗಿಸಿ ಉಸಿರು ಮೆಲ್ಲಗೆ ಎಳೆದರೆ ಹನಿ ಗಂಟಲಿಗೆ ಹೋಗುವುದಿಲ್ಲ.

ಇನ್ನು ತಲೆಕೆಳಗು. ಇದಕ್ಕೆ ನಾನು ಹೆಚ್ಚು ಹೊತ್ತು ಕೊಟ್ಟೆ. ಕೊಳದ ಆಳದ ಕಡೆ ಹೋಗಿ, ಬಿಸಿಡಿಯ (ತೇಲುವುದು, ಮುಳುಗುವುದನ್ನು ಹತೋಟಿಯಲ್ಲಿಡಲು ಗಾಳಿ ತುಂಬುವ ಜಾಕೆಟ್) ಗಾಳಿ ಪೂರ್ತಿ ಬಿಟ್ಟು, ಏಣಿಯ ಕೆಳಗಿನ ಮೆಟ್ಟಿಲು ಹಿಡಿದು ಕಾಲು ಮೇಲೆ ಮಾಡುತ್ತಿದ್ದೆ. ಬೋಧಕರು ಕಾಲು ಹಿಡಿದುಕೊಳ್ಳುತ್ತಿದ್ದರು. ಬಿಸಿಡಿಯಲ್ಲಿ ಗಾಳಿ ಉಳಿದಿದ್ದರೆ ಅದು ಸೊಂಟದ ಕಡೆಗೆ ಏರುತ್ತದೆ. ಆಗ ಭುಜದ ವಾಲ್ವ್ ಎಳೆದು ಉಪಯೋಗವಿಲ್ಲ, ಹಿಂದೆ ಕೆಳಗಿರುವ ವಾಲ್ವ್ ಎಳೆಯಬೇಕು. ಇದು ಗೊತ್ತಿಲ್ಲದಿದ್ದರೆ ಕಾಲು ಮುಂದಾಗಿ ಮೇಲಕ್ಕೆ ತೇಲಿಬಿಡುತ್ತೀರಿ.

ಈ ಭಂಗಿಯಲ್ಲಿ ಹಣೆ ಅತಿ ತಗ್ಗು, ಮೂಗಿನ ಕಡೆ ಅತಿ ಎತ್ತರ. ಹಾಗಾಗಿ ಮೂಗಿನ ಎರಡೂ ಪಕ್ಕ, ಕೆನ್ನೆಯ ಮೇಲೆ ಅಂಚನ್ನು ಒತ್ತಬೇಕು. ಮೂಗನ್ನೇ ಒತ್ತಿದರೆ ಹೊಳ್ಳೆ ಮುಚ್ಚಿಹೋಗುತ್ತದೆ. ಗಲ್ಲ ಎದೆಯ ಕಡೆಗೆ. ಆಗ ಗಾಜು ಮೇಲ್ಮುಖವಾಗುತ್ತದೆ, ನೀರು ಹುಬ್ಬಿನ ಮೇಲಿಂದ ಹೊರಗೆ ಹೋಗುತ್ತದೆ. ಮೊದಲು ಗಾಳಿ ತುಂಬುವುದು ಮೂಗಿನ ಸುತ್ತ, ಕಣ್ಣಿನ ಮುಂದಿನ ನೀರು ಕೊನೆಗೆ ಹೋಗುತ್ತದೆ. ನಿಂತಾಗ ಇದರ ಉಲ್ಟಾ, ಕಣ್ಣು ಮೊದಲು ತಿಳಿಯಾಗುತ್ತದೆ. ಆದ್ದರಿಂದ ತಲೆಕೆಳಗಾದಾಗ ‘ಕೆಲಸ ಆಗುತ್ತಿಲ್ಲ’ ಅಂತ ಅನಿಸಿ ಅರ್ಧಕ್ಕೇ ಬಿಡುವವರೇ ಹೆಚ್ಚು. ಉಸಿರು ಮುಗಿಯುವವರೆಗೆ ಬಿಡುತ್ತಲೇ ಇರಿ.

ಮಾಸ್ಕ್ ಪೂರ್ತಿ ತುಂಬಿದಾಗ ಎಲ್ಲ ಮಸುಕು. ಮೇಲೆ ಯಾವುದು, ಕೆಳಗೆ ಯಾವುದು? ಆಗ ನೋಡಬೇಕಾದದ್ದು ನಿಮ್ಮ ಗುಳ್ಳೆಗಳನ್ನು. ಕಾಣದಿದ್ದರೆ ಬಾಯಿಯ ಸುತ್ತ ಕೈ ಆಡಿಸಿದರೂ ಅವು ಯಾವ ಕಡೆ ಹೋಗುತ್ತಿವೆ ಅಂತ ತಿಳಿಯುತ್ತದೆ. ಗುಳ್ಳೆ ಹೋಗುವ ಕಡೆಯ ಅಂಚನ್ನು ಒತ್ತಿದರೆ ಆಯಿತು. ಬೋಧಕರು ನನ್ನನ್ನು ಕಣ್ಣು ಮುಚ್ಚಿಸಿ, ಒಂದು ಪಲ್ಟಿ ಹೊಡೆಸಿ, ಯಾವ ಭಂಗಿಯಲ್ಲಿ ಬಂದು ನಿಲ್ಲುತ್ತೇನೋ ಅದೇ ಭಂಗಿಯಲ್ಲಿ ಕ್ಲಿಯರ್ ಮಾಡಲು ಹೇಳುತ್ತಿದ್ದರು. ಈ ಅಭ್ಯಾಸ ನನಗೆ ತುಂಬಾ ಇಷ್ಟ. ಯಾವ ಭಂಗಿ ಬರುತ್ತದೆ ಅಂತ ಮೊದಲೇ ಗೊತ್ತಿಲ್ಲದಿರುವುದೇ ಅದರ ಗುಣ.

ಮೀಸೆ ಇರುವವರಿಗೆ ಒಂದು ಮಾತು. ನಮ್ಮ ಮಂಡ್ಯ ಕಡೆ ದಪ್ಪ ಮೀಸೆಗೆ ಬರವಿಲ್ಲ. ಸಿಲಿಕೋನ್ ಅಂಚು ಕೂದಲಿನ ಮೇಲೆ ಸರಿಯಾಗಿ ಕೂರುವುದಿಲ್ಲ, ನೀರು ಜಿನುಗುತ್ತಲೇ ಇರುತ್ತದೆ. ಮೂಗಿನ ಕೆಳಗೆ ಒಂದು ಸಣ್ಣ ಪಟ್ಟಿ ಬೋಳಿಸಿದರೆ ಸಾಕು, ಮೀಸೆ ಪೂರ್ತಿ ತೆಗೆಯಬೇಕಿಲ್ಲ. ನಾನು ಹಾಗೇ ಮಾಡುತ್ತೇನೆ.

ಕೆಲವು ವಿಷಯದಲ್ಲಿ ಮಾತ್ರ ನಾನು ರಾಜಿ ಮಾಡಿಕೊಳ್ಳುವುದಿಲ್ಲ. ಸಿಲಿಂಡರಿನ ಗಾಳಿ ಉಸಿರಾಡುವಾಗ ಉಸಿರು ಕಟ್ಟಿ ಮೇಲೇಳಬಾರದು. ಆಳ ಕಡಿಮೆಯಿರುವ ಕೊಳದಲ್ಲೂ ಇದರಿಂದ ಶ್ವಾಸಕೋಶಕ್ಕೆ ಪೆಟ್ಟಾಗಬಹುದು. ಗಾಬರಿಯಾದರೆ ಏನನ್ನೂ ಮಾಡದೆ ಮೊದಲು ಬಾಯಿಂದ ಉಸಿರಾಡಬೇಕು. ನೆಗಡಿ ಇದ್ದರೆ ಅವತ್ತು ನೀರಿಗಿಳಿಯಬಾರದು. ತಲೆಕೆಳಗಾದಾಗ ಕಿವಿಯ ಒತ್ತಡ ಸರಿ ಮಾಡಿಕೊಳ್ಳುವುದು ಮೊದಲೇ ಕಷ್ಟ. ಒಬ್ಬರೇ ಅಭ್ಯಾಸ ಮಾಡಲೇಬಾರದು. ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯಲ್ಲಿ, ಶ್ರೀರಂಗಪಟ್ಟಣದ ಕಾವೇರಿಯಲ್ಲಿ ಈಜಿ ಬೆಳೆದವರು ‘ಅಲ್ಲೇ ಮಾಡೋಣ’ ಅನ್ನುತ್ತಾರೆ. ಬೇಡ. ನಾಲೆಯ ಸೆಳೆತ, ಜಾರುವ ಬದಿ, ಹೊಳೆಯ ಸುಳಿ, ಕೆಂಪು ನೀರು, ಇವು ಯಾವುವೂ ಕಲಿಯುವ ಜಾಗವಲ್ಲ. ತಿಳಿನೀರಿನ ಕೊಳವೇ ಬೇಕು.

ಮಳೆಗಾಲದಲ್ಲಿ ನೇತ್ರಾಣಿಗೆ ದೋಣಿ ಹೋಗುವುದಿಲ್ಲ. ಆ ತಿಂಗಳುಗಳಲ್ಲಿ ನಾನು, ತಮ್ಮ ಕೊಳಕ್ಕೆ ಹೋಗಿ ಎಲ್ಲ ಭಂಗಿಗಳನ್ನೂ ಮತ್ತೆ ಮಾಡುತ್ತೇವೆ. ಈಗ ತಮ್ಮ ತಲೆಕೆಳಗಾಗಿ ಮಾಸ್ಕನ್ನು ಪೂರ್ತಿ ತೆಗೆದು ಮತ್ತೆ ಹಾಕಿಕೊಳ್ಳುವುದನ್ನು ಕಲಿಯುತ್ತಿದ್ದಾನೆ. ಪಟ್ಟಿ ಎಲ್ಲಿದೆ ಅಂತ ಕೈಗೆ ಸಿಗುವುದೇ ಅದರಲ್ಲಿ ಕಷ್ಟ. ಮೊದಲು ಮಾಸ್ಕನ್ನು ಮುಖಕ್ಕೆ ಹಿಡಿದು ಅರ್ಧ ನೀರು ಬಿಟ್ಟುಬಿಡು, ಪಟ್ಟಿ ಆಮೇಲೆ ಹುಡುಕು ಅಂತ ಹೇಳಿದ್ದೇನೆ.