ಸಿಡಿ25 ಹಾಕದೆಯೇ ಸಿಡಿ25 ಕಂಡ ಕಥೆ

ಟಿ ಕೋಶ, ಅಂದರೆ ರೋಗದ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣ, ಎಚ್ಚೆತ್ತರೆ ಅದರ ಮೈಮೇಲೆ ಪ್ರೋಟೀನು ಗುರುತುಗಳು ಮೂಡುತ್ತವೆ. ಸಿಡಿ69 ಕೆಲವೇ ಗಂಟೆಗಳಲ್ಲಿ ಬರುತ್ತದೆ. ಸಿಡಿ25 ನಿಧಾನ, ಒಂದು ದಿನವಾದರೂ ಬೇಕು. ಆ ಗುರುತಿಗೇ ಹೋಗಿ ಕೂರುವ, ಹೊಳೆಯುವ ಬಣ್ಣ ಅಂಟಿಸಿದ ಪ್ರತಿಕಾಯ ಹಾಕಿ, ಲೇಸರ್ ಬಿಟ್ಟು ಒಂದೊಂದೇ ಕೋಶದ ಹೊಳಪು ಅಳೆಯುವ ಫ್ಲೋ ಸೈಟೋಮೀಟರಿನಲ್ಲಿ ಓಡಿಸಿದರೆ ಎಷ್ಟು ಕೋಶ ಎಚ್ಚೆತ್ತಿವೆ ಎಂದು ಗೊತ್ತಾಗುತ್ತದೆ.

ಮಡಿಕೇರಿಯ ನಮ್ಮ ಲ್ಯಾಬಿನಲ್ಲಿ ಆ ಯಂತ್ರ ಇರಲಿಲ್ಲ. ಇಲ್ಲೇ ಬಣ್ಣ ಹಾಕಿ, ಕೋಶ ಕೆಡದಂತೆ 1% ಪ್ಯಾರಾಫಾರ್ಮಾಲ್ಡಿಹೈಡಿನಲ್ಲಿ ಫಿಕ್ಸ್ ಮಾಡಿ, ಮರುದಿನ ಬಸ್ಸಿನಲ್ಲಿ ಮೈಸೂರಿಗೆ ಒಯ್ಯುತ್ತಿದ್ದೆ. ಸಿಡಿ69 ಎಫ್‌ಐಟಿಸಿಯಲ್ಲಿ, ಸಿಡಿ25 ಪಿಇಯಲ್ಲಿ, ಎಲ್ಲ ಟಿ ಕೋಶಗಳ ಮೇಲೂ ಇರುವ ಸಿಡಿ3 ಪಿಇ-ಸೈ7ನಲ್ಲಿ; ಮೂರೂ ಹೊಳೆಯುವ ಬಣ್ಣಗಳ ಹೆಸರು. ಕೋಶಗಳನ್ನು ಎಬ್ಬಿಸಲು ಪಿಎಚ್‌ಎ. ರಾಜ್ಮಾ ಕಾಳಿನಿಂದ ತೆಗೆಯುವ ಪ್ರೋಟೀನು ಅದು.

ಜುಲೈನಲ್ಲಿ ಎಡವಟ್ಟಾಯಿತು. ಪಿಎಚ್‌ಎ ಹಾಕದ ಟ್ಯೂಬಿನಲ್ಲೂ ಹೆಚ್ಚುಕಮ್ಮಿ ಎಲ್ಲ ಟಿ ಕೋಶಗಳೂ ಸಿಡಿ25 ತೋರಿಸಿದವು. ಸುಮ್ಮನಿರುವ ರಕ್ತದಲ್ಲೂ ಸ್ವಲ್ಪ ಇರುತ್ತದೆ, ಉಳಿದವನ್ನು ಹದ್ದುಬಸ್ತಿನಲ್ಲಿಡುವ ರೆಗ್ಯುಲೇಟರಿ ಟಿ ಕೋಶಗಳದ್ದು. ಆದರೆ ಇಷ್ಟೊಂದಾ? ರಕ್ತ ನನ್ನದೇ. ನನಗೇ ಏನೋ ಕಾಯಿಲೆ ಇದೆ ಅಂತ ಅರ್ಧ ದಿನ ಹೆದರಿದೆ. ಆಮೇಲೆ ಕಾಂಪೆನ್ಸೇಶನ್ ಮೇಲೆ, ಅಂದರೆ ಒಂದು ಬಣ್ಣದ ಬೆಳಕು ಇನ್ನೊಂದಕ್ಕೆ ಸೋರಿದ್ದನ್ನು ಕಳೆಯುವ ಲೆಕ್ಕದ ಮೇಲೆ, ಅನುಮಾನ ಬಂತು. ಎರಡು ಸಲ ಮಾಡಿದೆ, ಏನೂ ಬದಲಾಗಲಿಲ್ಲ.

ಸುಳಿವು ಕೊಟ್ಟದ್ದು ಎಫ್‌ಎಂಓ ಟ್ಯೂಬು. ಉಳಿದೆಲ್ಲ ಬಣ್ಣ ಹಾಕಿ ಒಂದನ್ನು ಮಾತ್ರ ಬಿಟ್ಟ ಟ್ಯೂಬು ಅದು. ಇದರಲ್ಲಿ ಬಿಟ್ಟದ್ದು ಸಿಡಿ25 ಪ್ರತಿಕಾಯವನ್ನೇ. ಆದರೂ ಪಿಇ ಹೊಳೆಯುತ್ತಿತ್ತು!

ಪಿಇ-ಸೈ7 ಜೋಡಿ ಬಣ್ಣ. ಪಿಇ ಹೀರಿದ ಬೆಳಕನ್ನು ಸೈ7ಗೆ ದಾಟಿಸುತ್ತದೆ. ಸೈ7 ಹಾಳಾದರೆ ದಾಟಿಸೋಕೆ ಯಾರೂ ಇಲ್ಲ, ಪಿಇ ತಾನೇ ಹೊಳೆಯುತ್ತದೆ. ಅಂದರೆ ನಾನು ಸಿಡಿ25 ಎಂದು ಎಣಿಸಿದ್ದು ಸಿಡಿ3ಯನ್ನು. ಬೆಳಕು ಬಿದ್ದರೂ, ಫಿಕ್ಸ್ ಮಾಡುವ ದ್ರಾವಣದಲ್ಲಿ ಜಾಸ್ತಿ ಹೊತ್ತು ಬಿಟ್ಟರೂ ಆ ಬಣ್ಣ ಕೆಡುತ್ತದೆ. ನಾನು ಎರಡನ್ನೂ ಮಾಡಿದ್ದೆ. ವಾರದಿಂದ ಬಿಸಿಲೇ ಇಲ್ಲ, ಯಾವ ಬೆಳಕು ಅಂತ ಉಡಾಫೆ. ಮಳೆಯ ಕತ್ತಲೆಗೆ ಬೆಳಗಿನಿಂದ ಟ್ಯೂಬ್‌ಲೈಟ್ ಉರಿಯುತ್ತಿತ್ತು, ರ‍್ಯಾಕ್ ಅದರ ಕೆಳಗೇ ಇತ್ತು. ಕರೆಂಟ್ ಹೋಗಿ ಬಂದು, ಸೆಂಟ್ರಿಫ್ಯೂಜ್ ನಿಂತು, ಒಂದು ಗಂಟೆಯ ಕೆಲಸ ನಾಲ್ಕು ಗಂಟೆ ಎಳೆದಿತ್ತು.

ಸಿಡಿ3ಯನ್ನು ಎಪಿಸಿ ಎಂಬ ಬಣ್ಣಕ್ಕೆ ಬದಲಿಸಿದೆ. ಅದು ಜೋಡಿ ಬಣ್ಣ ಅಲ್ಲ, ಕೆಂಪು ಲೇಸರಿಗೆ ಹೊಳೆಯುತ್ತದೆ. ಇಪ್ಪತ್ತು ನಿಮಿಷ ಫಿಕ್ಸ್ ಮಾಡಿ, ತೊಳೆದು, ಬಫರಿನಲ್ಲಿಟ್ಟೆ. ಕಾಂಪೆನ್ಸೇಶನ್ ಟ್ಯೂಬುಗಳಿಗೂ ಅದೇ ಉಪಚಾರ. ಎಲ್ಲಕ್ಕೂ ಅಲ್ಯೂಮಿನಿಯಂ ಫಾಯಿಲ್ ಸುತ್ತಿದೆ. ಪಿಎಚ್‌ಎ ಹಾಕದ ಟ್ಯೂಬು ಸುಮ್ಮನಾಯಿತು.

ಬಸ್ಸಿನಲ್ಲಿ ಮಾತ್ರ ಟ್ಯೂಬುಗಳ ತಣ್ಣನೆ ಡಬ್ಬಿ ನೋಡಿ ಕಂಡಕ್ಟರ್ ಕೇಳಿದ್ದು, "ಏನ್ ಸಾರ್, ಮೀನಾ?"