ರಡಾರ್ ನಕ್ಷೆಯ ಬಣ್ಣ ಓದುವ ಪುಟ್ಟ ಸ್ಕ್ರಿಪ್ಟ್

ತೀರ್ಥಹಳ್ಳಿ, ಹೊಸನಗರದ ಕಡೆ ಬೇಯಿಸಿದ ಅಡಿಕೆ ಅಂಗಳದಲ್ಲಿ ಹರಡಿರುವಾಗ ಮಳೆ ಬಂದರೆ ಮನೆಮಂದಿಯೆಲ್ಲ ಟಾರ್ಪಲ್ ಹಿಡಿದು ಓಡಬೇಕು. ಕೊಯ್ಲಿನ ಗಡಿಬಿಡಿಯಲ್ಲಿ, ಮಳೆ ಎಲ್ಲಿದೆಯೆಂದು ಬಣ್ಣದಲ್ಲಿ ತೋರಿಸುವ ಹವಾಮಾನ ಇಲಾಖೆಯ ರಡಾರ್ ಚಿತ್ರ ನೋಡುತ್ತ ಕೂರಲು ಯಾರಿಗೂ ಪುರುಸೊತ್ತಿಲ್ಲ. ಒಂದು ಸ್ಕ್ರಿಪ್ಟ್, ಅಂದರೆ ಪುಟ್ಟ ಪ್ರೋಗ್ರಾಂ ಬರೆದು ಆ ಕೆಲಸವನ್ನು ಕಂಪ್ಯೂಟರಿಗೆ ಒಪ್ಪಿಸಿ.

ಮೊದಲು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಹಾಕಿಕೊಂಡು, ಅದರ ಜೊತೆ ಬರುವ ಪಿಪ್ ಎಂಬ ಸಾಧನದ ಮೂಲಕ ಪರದೆ ಓದುವ ಪೈಆಟೋಗುಯಿ (pyautogui) ಮತ್ತು ಚಿತ್ರ ನಿಭಾಯಿಸುವ ಪಿಲ್ಲೋ (pillow) ಇಳಿಸಿಕೊಳ್ಳಿ. ರಡಾರ್ ಚಿತ್ರವನ್ನು ಪೂರ್ತಿ ಪರದೆಗೆ ತೆರೆದು, ಮೌಸನ್ನು ನಿಮ್ಮೂರಿನ ಮೇಲಿಟ್ಟು ಪೈಆಟೋಗುಯಿಯ 'ಪೊಸಿಷನ್' ಆದೇಶ ಕೊಟ್ಟರೆ ಎರಡು ಸಂಖ್ಯೆ ಸಿಗುತ್ತವೆ. ಎಡ ಮೇಲ್ತುದಿ ಸೊನ್ನೆ. ಎರಡನೆಯ ಸಂಖ್ಯೆ ಕೆಳಗಿಳಿದಂತೆ ಹೆಚ್ಚುತ್ತದೆ. ಆ ಸಂಖ್ಯೆಗಳನ್ನು 'ಪಿಕ್ಸೆಲ್' (ಪರದೆಯ ಒಂದು ಚುಕ್ಕಿ) ಆದೇಶಕ್ಕೆ ಕೊಡಿ: ಆ ಚುಕ್ಕಿಯ ಕೆಂಪು, ಹಸಿರು, ನೀಲಿಯ ಪ್ರಮಾಣ 0ರಿಂದ 255ರೊಳಗೆ ಬರುತ್ತದೆ. 255, 0, 0 ಎಂದರೆ ಅಪ್ಪಟ ಕೆಂಪು.

ಇಷ್ಟಕ್ಕೇ ನಿಲ್ಲಿಸಿದರೆ ಸ್ಕ್ರಿಪ್ಟ್ ನಂಬಿಕೆಗೆ ಬಾರದು. ನೀವು ಆರಿಸಿದ ಚುಕ್ಕಿ ಜಿಲ್ಲೆಯ ಗಡಿಗೆರೆಯ ಮೇಲೋ ಊರಿನ ಹೆಸರಿನ ಅಕ್ಷರದ ಮೇಲೋ ಬಿದ್ದಿದ್ದರೆ ಮಳೆ ಸುರಿಯುತ್ತಿದ್ದರೂ ಅದು ಕಪ್ಪನ್ನೇ ತೋರಿಸುತ್ತದೆ. ಆದ್ದರಿಂದ 'ಸ್ಕ್ರೀನ್‌ಶಾಟ್' ಆದೇಶದಲ್ಲಿ ಊರಿನ ಸುತ್ತಲಿನ 20ಕ್ಕೆ 20ರ ಚೌಕವನ್ನೇ ತೆಗೆದುಕೊಳ್ಳಿ. 400 ಪಿಕ್ಸೆಲ್ ಆಗುತ್ತವೆ. ಮಳೆಯಿಲ್ಲದ ಹೊತ್ತಿನ ಒಂದು ಪ್ರತಿ ಉಳಿಸಿಟ್ಟು, ಪ್ರತಿ ಸಲವೂ ಅದರೊಂದಿಗೆ ಹೋಲಿಸಿ ಎಷ್ಟು ಪಿಕ್ಸೆಲ್ ಬದಲಾಗಿವೆ ಎಂದು ಎಣಿಸಿ. ಸರಾಸರಿ ಬಣ್ಣಕ್ಕಿಂತ ಈ ಎಣಿಕೆಯೇ ವಾಸಿ, ಸರಾಸರಿಯಲ್ಲಿ ಸಣ್ಣ ಮೋಡ ಕರಗಿಹೋಗುತ್ತದೆ. ಚಿತ್ರ ಜೆಪೆಗ್ (ಕುಗ್ಗಿಸಿ ಉಳಿಸಿದ ಚಿತ್ರದ ಒಂದು ಬಗೆ) ಆಗಿದ್ದರೆ ಬಣ್ಣ ಅಲ್ಪಸ್ವಲ್ಪ ಕದಲುತ್ತದೆ. ಅದಕ್ಕೇ ಬಣ್ಣದ ಸಂಖ್ಯೆಯಲ್ಲಿ 20ರವರೆಗಿನ ವ್ಯತ್ಯಾಸವನ್ನು ಲೆಕ್ಕಕ್ಕೆ ಹಿಡಿಯಬೇಡಿ. 40 ಪಿಕ್ಸೆಲ್ ಬದಲಾದರೆ ಬೀಪ್ ಸದ್ದು ಬರಲಿ. ಐದು ನಿಮಿಷಕ್ಕೊಮ್ಮೆ ನೋಡಿದರೆ ಸಾಕು.

ರಾತ್ರಿ ಪರದೆ ಹಳದಿಯಾಗಿಸುವ ನೈಟ್ ಲೈಟ್ ಬಗ್ಗೆ ಚಿಂತೆ ಬೇಡ. ವಿಂಡೋಸ್‌ನಲ್ಲಿ ಅದು ಸಾಮಾನ್ಯವಾಗಿ ಸ್ಕ್ರೀನ್‌ಶಾಟ್‌ಗೆ ತಟ್ಟುವುದಿಲ್ಲ. ಪುಟವನ್ನು ಹಿಗ್ಗಿಸಿದರೆ, ಸ್ಕ್ರೋಲ್ ಮಾಡಿದರೆ ಮಾತ್ರ ಚೌಕ ಬೇರೆ ಊರಿಗೆ ಹೋಗಿಬಿಡುತ್ತದೆ.

ಇನ್ನೊಂದು ಮಿತಿ ಘಟ್ಟದ್ದು. ರಡಾರ್ ದೂರವಿದ್ದಷ್ಟೂ ಅದರ ಅಲೆ ನೆಲದಿಂದ ಮೇಲೆ ಸಾಗುತ್ತದೆ, ಬೆಟ್ಟವೂ ಅಡ್ಡ ಬರುತ್ತದೆ. ಹಾಗಾಗಿ ಕೆಳಮಟ್ಟದ ಮೋಡದ ಜಡಿಮಳೆ ನಕ್ಷೆಯಲ್ಲಿ ಕಾಣದೆಯೂ ಇರಬಹುದು. ಗುಡುಗು ಮೋಡ ಎತ್ತರಕ್ಕೆ ಬೆಳೆಯುವುದರಿಂದ ಚೆನ್ನಾಗಿ ಕಾಣುತ್ತದೆ. ಸ್ಕ್ರಿಪ್ಟ್ ನೆರವಾಗುವುದು ಅಂಥ ಮಳೆಗೇ. ಪುಟ ತಾನಾಗಿ ರಿಫ್ರೆಶ್ ಆಗುವಂತೆ ಇಟ್ಟು, ಕಂಪ್ಯೂಟರಿನ ಸ್ಲೀಪ್ ಆಯ್ಕೆ ತೆಗೆದುಹಾಕಿ, ಸ್ಪೀಕರನ್ನು ಅಂಗಳಕ್ಕೆ ಕೇಳುವಂತೆ ಕಿಟಕಿಯ ಬಳಿ ಇಡಿ.