ಗುಂಪಿನಲ್ಲಿ ಕ್ರೂಸ್ ಹೋಗೋರಿಗೆ ನಾಲ್ಕು ಮಾತು

ದೀಪಾವಳಿ ಆದ ಮೇಲೆ ಮುಂಬೈನಿಂದ ಗೋವಾಕ್ಕೆ ಹಡಗಿನಲ್ಲಿ ಹೋಗೋಣ ಅಂತ ಮುಂಬೈ ಹತ್ತಿರದ ನಮ್ಮ ಡೊಂಬಿವಲಿ ಗುಂಪಿನಲ್ಲಿ ಮಾತು ನಡೆದಿದೆ ಅಲ್ವಾ, ಅದಕ್ಕೇ ಬರೆಯುತ್ತಿದ್ದೇನೆ. ಮಳೆಗಾಲ ಮುಗಿದಿರುವುದರಿಂದ ಸಮುದ್ರವೂ ಸಾಮಾನ್ಯವಾಗಿ ಶಾಂತವಾಗಿರುತ್ತದೆ.

ಮೊದಲು ದುಡ್ಡಿನ ವಿಷಯ. ಜಾಹೀರಾತಿನ ದರ ನೋಡಿ ಲೆಕ್ಕ ಹಾಕಬೇಡಿ. ಅದು ಸಾಮಾನ್ಯವಾಗಿ ಒಂದು ಕ್ಯಾಬಿನ್‌ನಲ್ಲಿ ಇಬ್ಬರು ಇದ್ದರೆ ತಲೆಗೆ ಬೀಳುವ ದರ. ಜಿಎಸ್‌ಟಿ, ಬಂದರು ಶುಲ್ಕ, ಸಿಬ್ಬಂದಿಯ ಟಿಪ್ಸ್ ಬೇರೆ ಸೇರಬಹುದು. ಕಳೆದ ಸಲ ಇದನ್ನು ಕೇಳದೆ ವಂತಿಗೆ ಎತ್ತಿದೆವು. ಆಮೇಲೆ ಪ್ರತಿ ಮನೆಗೂ ಮತ್ತೆ ಕೈ ಚಾಚಬೇಕಾಯಿತು, ತುಂಬಾ ಬೇಜಾರಾಯಿತು. ಎಲ್ಲ ಸೇರಿದ ಮೊತ್ತವನ್ನು ಏಜೆಂಟರಿಂದ ಬರಹದಲ್ಲೇ ತೆಗೆದುಕೊಳ್ಳಿ. ಒಬ್ಬರೇ ಬರುವವರಿಗೆ ಕ್ಯಾಬಿನ್ ಹಂಚಿಕೊಳ್ಳಲು ಈಗಲೇ ಜೋಡಿ ಹುಡುಕಿ, ಇಲ್ಲದಿದ್ದರೆ ಖರ್ಚು ಜಾಸ್ತಿ.

ಹಿರಿಯರಿಗೆ ಹಡಗಿನ ಮಧ್ಯಭಾಗದ, ಕೆಳಗಿನ ಡೆಕ್‌ನ (ಅಂತಸ್ತಿನ) ಕ್ಯಾಬಿನ್ ಕೇಳಿ. ಅಲ್ಲಿ ಓಲಾಟ ಕಡಿಮೆ. ವಾಂತಿ ಆಗುವವರು ಡಾಕ್ಟರನ್ನು ಕೇಳಿ ಮಾತ್ರೆಯನ್ನು ಹಡಗು ಹೊರಡುವ ಮೊದಲೇ ತೆಗೆದುಕೊಳ್ಳಲಿ.

ದಡ ಬಿಟ್ಟ ಮೇಲೆ ಮೊಬೈಲ್ ಸಿಗ್ನಲ್ ಹೋಗುತ್ತದೆ. ಊಟಕ್ಕೆ ಎಲ್ಲಿ, ಎಷ್ಟು ಗಂಟೆಗೆ ಸೇರುವುದು ಅಂತ ಕಾಗದದಲ್ಲಿ ಬರೆದು ಎಲ್ಲರಿಗೂ ಕೊಡಿ.

ಗುರುತಿನ ಚೀಟಿ ಅಸಲಿಯೇ ಬೇಕು. ಲೋಕಲ್ ರೈಲಿನಲ್ಲಿ ಸಿಎಸ್‌ಎಂಟಿ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ನಿಲ್ದಾಣಕ್ಕೆ ಬಂದರೆ ಹಡಗು ಹತ್ತುವ ಬಲ್ಲಾರ್ಡ್ ಪಿಯರ್ ಹತ್ತಿರ, ಟ್ಯಾಕ್ಸಿ ಸಾಕು.